ಕಪಾಟಿನಲ್ಲಿ ಎರಡು ಕವರು

ಮಾರ್ಚ್ 3, ಸೋಮವಾರ

ಇಪ್ಪತ್ತನಾಲ್ಕು ಹೆಣ್ಣು ಗಿನಿಪಿಗ್‌ಗಳಿಗೆ ಇವತ್ತು ವೈರಸ್ ಹಾಕಿದರು. ಒಂದೊಂದನ್ನೇ ಅಂಗಾತ ಹಿಡಿದು, ಸೂಜಿಯಿಲ್ಲದ ಸಿರಿಂಜಿನಿಂದ ಜನನಾಂಗದೊಳಗೆ ಎರಡು ಹನಿ. ಅಷ್ಟೆ. ಒಂದೂ ಕಿರುಚಲಿಲ್ಲ. ಹರ್ಪಿಸ್ ಎಂಬ ಈ ರೋಗಕ್ಕೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ.

ಇವುಗಳಲ್ಲಿ ಹನ್ನೆರಡಕ್ಕೆ ಮೊದಲೇ ಮೂರು ಸಲ ಹೊಸ ಲಸಿಕೆ ಚುಚ್ಚಿದ್ದಾರೆ. ಇನ್ನು ಹನ್ನೆರಡಕ್ಕೆ ಬರೀ ಉಪ್ಪುನೀರು. ಯಾವ ನಂಬರಿನದಕ್ಕೆ ಯಾವುದು ಎಂಬ ಪಟ್ಟಿ ಮೊಹರು ಹಾಕಿದ ಕವರಿನಲ್ಲಿದೆ. ಆ ಕವರು ನನ್ನ ಕೈಚೀಲದಲ್ಲಿ ಮನೆಗೆ ಬಂದು ಈಗ ಕಪಾಟಿನಲ್ಲಿ ನಿಘಂಟಿಗೆ ಒರಗಿ ನಿಂತಿದೆ. ಸಂಶೋಧನಾ ಕೇಂದ್ರದ ಪದ್ಧತಿ ಅದು. ಪ್ರಾಣಿ ಸಮಿತಿಯಲ್ಲಿ ವಿಜ್ಞಾನಿಯಲ್ಲದ ಒಬ್ಬ ಹೊರಗಿನವನಿರಬೇಕು. ಗುಟ್ಟಿನ ಕವರು ಅವನ ಮನೆಯಲ್ಲಿರಬೇಕು. ಪ್ರಯೋಗ ಮುಗಿಯುವ ತನಕ ಯಾರೂ ಅದನ್ನು ಒಡೆಯುವಂತಿಲ್ಲ. ಆರು ವರ್ಷದಿಂದ ಆ ಹೊರಗಿನವನು ನಾನು. ಪತ್ರಿಕೆಯಲ್ಲಿ ಮೂವತ್ತನಾಲ್ಕು ವರ್ಷ ಪ್ರೂಫ್ ತಿದ್ದಿ ನಿವೃತ್ತನಾದವನು, ಬೇರೆಯವರ ತಪ್ಪು ಹುಡುಕುವುದರಲ್ಲಿ ಊರಿಗೆಲ್ಲ ಹೆಸರಾದವನು. ಪ್ರತಿ ಪ್ರಯೋಗಕ್ಕೂ "ಇಷ್ಟು ಪ್ರಾಣಿ ಯಾಕೆ?" ಎಂದು ಕೇಳಿ ಕೇಳಿ ಸಮಿತಿಯವರಿಗೆ ಸಾಕಾಗಿದೆ. ಈ ಪ್ರಯೋಗಕ್ಕೆ ಮಾತ್ರ ಮೊದಲು ಕೈಯೆತ್ತಿದವನು ನಾನೇ. ಯಾಕೆಂದು ಅವರು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ಇಲ್ಲಿ ಹೇಳುತ್ತೇನೆ. ಡಿಸೆಂಬರ್ ಒಂಬತ್ತಕ್ಕೆ ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಎಂಟನೆಯ ದಿನ ಹಾಲು ಬಿಟ್ಟಿತು. ಹದಿಮೂರನೆಯ ದಿನ ಹೋಯಿತು. ಹರ್ಪಿಸ್ ಎಂದರು. ವಾರ್ಡಿನ ಹೊರಗೆ, ಸ್ಟೂಲು ಬೆಂಚು ಬಕೆಟ್ಟುಗಳ ನಡುವೆ, ಹತ್ತು ಜನರೆದುರು ಒಬ್ಬ ಎಳೆಯ ಡಾಕ್ಟರು ನನ್ನ ಮಗಳನ್ನು ಕೇಳಿದ: "ಸಾಮಾನ್ಯವಾಗಿ ಹೆರಿಗೆ ದಾರೀಲಿ ತಾಯಿಯಿಂದ ಬರುತ್ತೆ. ನಿಮಗೋ ನಿಮ್ಮ ಯಜಮಾನರಿಗೋ ಅಲ್ಲಿ ಹುಣ್ಣೇನಾದ್ರೂ ಆಗಿತ್ತಾ?"

 ನನಗೆ ಉತ್ತರ ಗೊತ್ತಿತ್ತು. ಅವಳ ಗಂಡ ಲಿಫ್ಟ್ ರಿಪೇರಿಯವನು. ತಿಂಗಳಲ್ಲಿ ಇಪ್ಪತ್ತು ದಿನ ಕಂಡ ಕಂಡ ಊರಿನ ಲಾಡ್ಜಿನಲ್ಲಿ ಮಲಗುವವನು. ಇನ್ನೇನು ಬೇಕು?

ಮಾರ್ಚ್ 7, ಶುಕ್ರವಾರ

ದಿನಾ ಬೆಳಿಗ್ಗೆ ಹತ್ತಕ್ಕೆ ಅಂಕ ಹಾಕುವ ಕೆಲಸ. ಪ್ರಾಣಿಮನೆಯ ಮೇಲ್ವಿಚಾರಕನಿಗೆ ಎಲ್ಲರೂ ಗಡಿಯಾರ ಎನ್ನುತ್ತಾರೆ. ಹತ್ತು ಹೊಡೆಯುವುದಕ್ಕೂ ಅವನು ಕೈಗವಸು ಎಳೆದುಕೊಳ್ಳುವುದಕ್ಕೂ ಸರಿಹೋಗುತ್ತದೆ. ಅವನು ಒಂದೊಂದನ್ನು ಎತ್ತಿ ನೋಡಿ ಕೂಗುತ್ತಾನೆ. ಏನೂ ಇಲ್ಲದಿದ್ದರೆ ಸೊನ್ನೆ. ಕೆಂಪಾಗಿದ್ದರೆ ಒಂದು. ಒಂದೆರಡು ಗುಳ್ಳೆಗೆ ಎರಡು, ಗುಳ್ಳೆಗಳ ಗುಂಪಿಗೆ ಮೂರು, ಒಡೆದು ಹುಣ್ಣಾದರೆ ನಾಲ್ಕು. ಬರೆದುಕೊಳ್ಳುವ ಕೆಲಸ ನಾನೇ ಕೇಳಿ ಪಡೆದೆ. ಪ್ರೂಫ್ ಕೋಣೆಯಲ್ಲೂ ಹೀಗೆಯೇ. ಒಬ್ಬ ಓದಬೇಕು, ಇನ್ನೊಬ್ಬ ನೋಡಬೇಕು. ತಾನೇ ಬರೆದದ್ದನ್ನು ತಾನೇ ತಿದ್ದಬಾರದು. ಕಣ್ಣು ಕಾಗದದಲ್ಲಿರುವುದನ್ನು ಬಿಟ್ಟು ತಲೆಯಲ್ಲಿರುವುದನ್ನು ಓದಿಬಿಡುತ್ತದೆ.

"ಪ್ರೂಫ್ ಸಾರ್, ನಿಮ್ಮ ಒಂದಕ್ಕೂ ಏಳಕ್ಕೂ ವ್ಯತ್ಯಾಸ ಕಾಣ್ತಿಲ್ಲ" ಎಂದ ಗಡಿಯಾರ. ಮೂವತ್ತನಾಲ್ಕು ವರ್ಷದಲ್ಲಿ ನನಗೆ ಹೀಗೆ ಹೇಳಿದ ಮೊದಲನೆಯವನು.

ಮನೆಯಲ್ಲಿ ಮಗಳು ತನ್ನ ತಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದುತ್ತಾಳೆ. ಟವೆಲ್ಲು ಬೇರೆ, ಸೋಪು ಬೇರೆ. ಬೆತ್ತದ ಕುರ್ಚಿಯ ಮೇಲೆ ಕೂರುವುದಿಲ್ಲ, ನೆಲದಲ್ಲೇ. ಸ್ನಾನಕ್ಕೆ ಹೋಗು ಎಂದು ನನ್ನ ಅಕ್ಕ ದಿನಾ ಗೋಗರೆಯಬೇಕು. ನಾನು ವಿಧುರನಾದ ವರ್ಷ ಬಂದು ನಿಂತ ಅಕ್ಕ, ಯಾರಿಗೂ ಹೆದರಿದವಳಲ್ಲ. ಇವಳೆದುರು ಮಾತ್ರ ದನಿ ತಗ್ಗಿಸುತ್ತಾಳೆ.

ಮಾರ್ಚ್ 13, ಗುರುವಾರ

ಹದಿನೇಳನೆಯದಕ್ಕೆ ಇವತ್ತು ನಾಲ್ಕು. ಇಪ್ಪತ್ತೆರಡನೆಯದರ ಹಿಂಗಾಲು ಬಿದ್ದುಹೋಗಿದೆ. ಮೂತ್ರ ಕಟ್ಟಿದೆ. ಡಾಕ್ಟರಮ್ಮ ಬಂದು ನೋಡಿ, ಇದನ್ನು ಇನ್ನು ನರಳಿಸುವುದು ಬೇಡ ಎಂದು ಸೂಜಿಮದ್ದು ಕೊಟ್ಟು ಶಾಶ್ವತವಾಗಿ ಮಲಗಿಸಿಬಿಟ್ಟರು. ಈ ಪ್ರಯೋಗ ಅವರದು. ನಲವತ್ತರ ಆಸುಪಾಸು, ಮಾತು ಕಡಿಮೆ, ಹಸ್ತಾಕ್ಷರ ಅಚ್ಚಿನ ಹಾಗೆ. ಗಡಿಯಾರ ಪಂಜರ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಇದ್ದ.

ಆಸ್ಪತ್ರೆಯವರ ಬಗ್ಗೆ ಪತ್ರಿಕೆಗೆ ಎರಡನೆಯ ಪತ್ರ ಬರೆದೆ. ಮೊದಲನೆಯದನ್ನು ಹಾಕಲಿಲ್ಲ. ನಾನಿದ್ದ ಕಾಲದಲ್ಲಿ ಓದುಗರ ಪತ್ರಕ್ಕೆ ಇಡೀ ಪುಟ ಇತ್ತು. ಈಗ ಆ ಜಾಗದಲ್ಲಿ ಹಾಸಿಗೆಯ ಜಾಹೀರಾತು.

ಮಾರ್ಚ್ 16, ಭಾನುವಾರ

ಆ ಲಿಫ್ಟಿನವನು ಬಂದಿದ್ದ. ಅವನ ಫೋನನ್ನು ಇವಳು ಎತ್ತುವುದಿಲ್ಲ. ತನ್ನ ಫೋನನ್ನೇ ಆರಿಸಿ ಡಬ್ಬಿಯೊಳಗಿಟ್ಟಿದ್ದಾಳೆ. ಬಾಗಿಲಲ್ಲಿ ನಾನೇ ಸಿಕ್ಕಿದೆ.

"ಮಾವ, ಒಂದು ನಿಮಿಷ ನೋಡಿ ಹೋಗ್ತೀನಿ."

ಮಲಗಿದ್ದಾಳೆ ಎಂದೆ. ಸುಳ್ಳಲ್ಲ, ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಮದುವೆಗೆ ಮುಂಚೆ ಒಂದು ಸಂಜೆ ಬರುತ್ತೇನೆಂದು ಹೇಳಿ ಮೂರು ಗಂಟೆ ತಡವಾಗಿ ಬಂದಿದ್ದನಲ್ಲ, ಅದನ್ನೂ ನೆನಪಿಸಿದೆ. ಯಾಕೆ ನೆನಪಿಸಿದೆನೋ. ಅವನು ತಲೆಯಾಡಿಸಿ ಹಿಂದಕ್ಕೆ ಸರಿದ. ನಮ್ಮ ಕಟ್ಟಡದ ಲಿಫ್ಟು ಐದು ವಾರದಿಂದ ಕೆಟ್ಟು ನಿಂತಿದೆ. ಅವನು ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಚೀಲದಿಂದ ಸ್ಪ್ಯಾನರ್ ತೆಗೆದ. ಮುಕ್ಕಾಲು ಗಂಟೆಯ ಮೇಲೆ ಲಿಫ್ಟು ಸದ್ದು ಮಾಡಿತು. ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದ.

ನಾಲ್ಕನೆಯ ಮಹಡಿಯ ಅಜ್ಜಿ ಅವನಿಗೆ ಒಳ್ಳೆಯದಾಗಲಿ ಎಂದು ಸಾರಿಕೊಂಡು ಬಂದಳು. ನಾನು ಮೆಟ್ಟಿಲಲ್ಲೇ ಹತ್ತುತ್ತೇನೆ. "ಹತ್ತು ಹತ್ತು, ಮಂಡಿ ಹೋದ್ರೆ ಅದನ್ನೂ ಅವನೇ ರಿಪೇರಿ ಮಾಡ್ತಾನೆ" ಎಂದಳು ಅಕ್ಕ.

ಮಾರ್ಚ್ 20, ಗುರುವಾರ

ಮಗಳ ಹೆಸರಿಗೆ ದಪ್ಪ ಕವರು ಬಂದಿದೆ. ಕೈಬರಹ ಅವನದು. ಒಳಗೆ ಮಡಚಿದ ಕಾಗದಗಳು, ಮೂಲೆಯಲ್ಲಿ ಆಸ್ಪತ್ರೆಯ ಮುದ್ರೆ ಕವರಿನ ಮೇಲೂ ಸ್ವಲ್ಪ ಮೂಡಿದೆ. ತಿಂಗಳ ಮೊದಲಲ್ಲಿ ಅಕ್ಕ ಇವಳನ್ನು ಕರೆದೊಯ್ದು ಪರೀಕ್ಷೆಗೆ ರಕ್ತ ಕೊಡಿಸಿದ್ದಳು. ದಾಖಲೆಯಲ್ಲಿ ಅವನ ಮನೆಯ ವಿಳಾಸವಿದ್ದುದರಿಂದ ವರದಿ ಅಲ್ಲಿಗೆ ಹೋಗಿರಬೇಕು.

ನಾಲ್ಕು ದಿನದಿಂದ ಇವಳು ಸ್ವಲ್ಪ ಅನ್ನ ತಿನ್ನುತ್ತಿದ್ದಾಳೆ. ಈಗ ಅವನ ನೆಪಗಳನ್ನೂ ಆಸ್ಪತ್ರೆಯ ತೀರ್ಪನ್ನೂ ಕೈಗಿಟ್ಟರೆ ಮತ್ತೆ ನೆಲ ಹಿಡಿಯುತ್ತಾಳೆ. ಸಮಯ ಬರಲಿ. ಕವರನ್ನು ಕಪಾಟಿನಲ್ಲಿ ಇನ್ನೊಂದು ಕವರಿನ ಪಕ್ಕ ನಿಲ್ಲಿಸಿದೆ. ಒಡೆಯದ ಕವರನ್ನು ಕಾಯುವುದು ನನಗೆ ಹೊಸದಲ್ಲ.

ಮಾರ್ಚ್ 29, ಶನಿವಾರ

ಮೊದಲ ಸುತ್ತಿನಲ್ಲಿ ಹುಣ್ಣಾಗಿದ್ದ ಎಲ್ಲಕ್ಕೂ ಮಾಗಿದೆ. ಈಗ ನೋಡಬೇಕಾದ್ದು, ಯಾವುದಕ್ಕೆ ಮತ್ತೆ ಏಳುತ್ತದೆ ಎಂಬುದು. ವೈರಸ್ ಸಾಯುವುದಿಲ್ಲವಂತೆ, ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಹೋಗಿ ಮಲಗುತ್ತದೆ, ಮನಸ್ಸಾದಾಗ ಎದ್ದು ಬರುತ್ತದೆ. ಹದಿನೇಳನೆಯದಕ್ಕೆ ಎದ್ದಿದೆ. ಒಂಬತ್ತನೆಯದಕ್ಕೆ ಮೊದಲಿನಿಂದಲೂ ಸೊನ್ನೆಯೇ. ಆದರೆ ಹತ್ತಿಯ ಕಡ್ಡಿಯಲ್ಲಿ ಒರೆಸಿ ನೋಡಿದಾಗ ಅದರಲ್ಲೂ ವೈರಸ್ ಸಿಕ್ಕಿತು. ಹುಣ್ಣಿಲ್ಲ, ನೋವಿಲ್ಲ, ಓಡಾಡಿಕೊಂಡು ಹುಲ್ಲು ಮೇಯುತ್ತಿದೆ, ಆದರೂ ಹರಡುತ್ತಿದೆ.

ಡಾಕ್ಟರಮ್ಮ ಇದೇ ದೊಡ್ಡ ತೊಡಕು ಎಂದರು. ಲಸಿಕೆ ಹುಣ್ಣು ತಡೆದರೆ ಸಾಲದು, ಈ ಕಳ್ಳ ಓಡಾಟವನ್ನೂ ತಡೆಯಬೇಕು. "ಯಾರಿಂದ ಬಂತು ಅಂತ ಎಷ್ಟೋ ಸಲ ಅವರಿಗೇ ಗೊತ್ತಿರಲ್ಲ ಸರ್. ಅದಕ್ಕೇ ಈ ಕಾಯಿಲೇಲಿ ಯಾರನ್ನೂ ಬೈಯೋಕೆ ಹೋಗಬಾರದು."

ಬೈಯಬಾರದಂತೆ. ಗೊತ್ತಿಲ್ಲದವನು ಗೊತ್ತುಮಾಡಿಕೊಳ್ಳಬೇಕಿತ್ತು. ಅವನಿಗೆ ಹುಣ್ಣಿರಲಿಲ್ಲ ಎಂದು ಇನ್ನು ಅವನ ಪರ ವಾದಿಸುವವರಿಗೆ ಒಂಬತ್ತನೆಯ ಪಂಜರ ತೋರಿಸುತ್ತೇನೆ.

ಏಪ್ರಿಲ್ 12, ಶನಿವಾರ

ಮಗಳು ತಾನಾಗಿಯೇ ಮಾತಾಡಿದಳು. ಟೀ ಲೋಟ ಹಿಡಿದು ಕಿಟಕಿಯ ಕೆಳಗೆ ಕೂತಿದ್ದಳು.

"ಅಪ್ಪ, ಅವಕ್ಕೆ ನೋವಾಗುತ್ತಾ?"

ಆಗುತ್ತದೆ ಎಂದೆ. ಕೂಗುವುದಿಲ್ಲ, ಒಂದು ಮೂಲೆಗೆ ಸರಿದು ಮುದುರಿಕೊಳ್ಳುತ್ತವೆ ಎಂದೆ. ಅವಳು ತಲೆಯಾಡಿಸಿದಳು, ಗೊತ್ತಿರುವ ವಿಷಯ ಎಂಬ ಹಾಗೆ. ಆಮೇಲೆ ಲೋಟದೊಳಗೆ ನೋಡುತ್ತ ಕೇಳಿದಳು.

"ನನಗೇನಾದ್ರೂ ಬಂತಾ? ಕಾಗದ, ಏನಾದ್ರೂ?"

ಇಲ್ಲ ಎಂದೆ.

ಮೇ 2, ಶುಕ್ರವಾರ

ಮುಗಿಯಿತು. ಅರವತ್ತು ದಿನದ ಮೇಲೆ ಉಳಿದ ಇಪ್ಪತ್ತಮೂರನ್ನೂ ಮಲಗಿಸಿದರು. ನರದ ಗಂಟುಗಳನ್ನು ತೆಗೆದು ನೋಡಬೇಕಲ್ಲ. ನಿಯಮದಂತೆ ಹೊರಗಿನವನು ಹಾಜರಿರಬೇಕು. ಗಡಿಯಾರ ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು, ಅದರ ತಲೆ ವಾಲುವ ತನಕ ಕಿವಿಯ ಹಿಂದೆ ಕೆರೆಯುತ್ತಿದ್ದ. ಹದಿನೇಳರ ಸರದಿ ಬಂದಾಗ "ಇದನ್ನ ನೀವು ಹಿಡ್ಕೋತೀರಾ ಸಾರ್?" ಎಂದ. ಹಿಡಿದುಕೊಂಡೆ. ಎಷ್ಟು ಬಿಸಿ ಮೈ. ಮಗುವನ್ನು ಕೊನೆಗೆ ಕೈಗೆ ಕೊಟ್ಟಾಗ ಅದು ತಣ್ಣಗಿತ್ತು.

ಸೋಮವಾರ ಕವರು ಒಡೆಯುವುದು. ಎರಡನ್ನೂ ಕೊಂಡೊಯ್ಯುತ್ತೇನೆ. ಅವನ ಕವರಿನಲ್ಲಿರುವುದನ್ನು ತಿಳಿದವರು ಓದಿ ಹೇಳಲಿ. ಆಮೇಲೆ ಮಗಳಿಗೆ ಹೇಳಲು ನನಗೆ ಒಂದು ಆಧಾರ ಇರುತ್ತದೆ.

ಮೇ 5, ಸೋಮವಾರ

ಮೊದಲು ಕೇಂದ್ರದ ಕವರು. ಸಮಿತಿಯವರ ಮುಂದೆ ನಾನೇ ಕತ್ತರಿಸಿ ಪಟ್ಟಿ ಓದಿದೆ. ಲಸಿಕೆ ಪಡೆದ ಹನ್ನೆರಡರಲ್ಲಿ ಹನ್ನೊಂದಕ್ಕೆ ಒಂದೂ ಹುಣ್ಣಾಗಿಲ್ಲ. ಅವುಗಳಲ್ಲಿ ಹತ್ತು ಪ್ರಾಣಿಗಳ ನರದಲ್ಲಿ ವೈರಸ್ಸೇ ಇಲ್ಲ. ಉಪ್ಪುನೀರಿನವು ಹನ್ನೆರಡಕ್ಕೆ ಹನ್ನೆರಡೂ ಸೋತಿವೆ. ಗಡಿಯಾರ ಬಾಗಿಲಲ್ಲಿ ನಿಂತು, ತಾನೇ ಹೆತ್ತವನ ಹಾಗೆ ನಗುತ್ತಿದ್ದ.

ಎಲ್ಲರೂ ಹೋದ ಮೇಲೆ ಡಾಕ್ಟರಮ್ಮನ ಮುಂದೆ ಎರಡನೆಯ ಕವರು ಇಟ್ಟೆ. ಐದು ತಿಂಗಳಲ್ಲಿ ಮೊದಲ ಸಲ ಮಗುವಿನ ವಿಷಯ ಹೇಳಿದೆ. ಅವರು ಕವರನ್ನು ತಿರುಗಿಸಿ ನೋಡಿ, ಇದು ನಿಮ್ಮ ಮಗಳ ಹೆಸರಿಗಿದೆಯಲ್ಲ ಎಂದರು. ನಾನೇ ಹರಿದೆ.

ನಾಲ್ಕು ಕಾಗದ. ಮಗುವಿನ ವರದಿ. ಮಗಳ ರಕ್ತದ್ದು. ಅವನ ರಕ್ತದ್ದು. ಒಂದು ಚೀಟಿ. ಅವರು ಮೂರನ್ನು ಎರಡೆರಡು ಸಲ ಓದಿದರು.

ಅವರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಈ ವೈರಸ್‌ನಲ್ಲಿ ಎರಡು ಬಗೆ. ನಮ್ಮ ಪ್ರಯೋಗದ್ದು ಎರಡನೆಯ ಬಗೆ. ಮಗುವಿಗೆ ಬಂದದ್ದು ಒಂದನೆಯದು, ಹೆಚ್ಚಾಗಿ ತುಟಿಯ ಮೇಲೆ ಏಳುವಂಥದ್ದು. ಯಾವುದೇ ಬಗೆ ಒಂದು ಸಲ ಮೈಹೊಕ್ಕರೆ ರಕ್ತದಲ್ಲಿ ಅದರ ಪ್ರತಿಕಾಯ ಉಳಿಯುತ್ತದೆ. ಮಗಳ ರಕ್ತದಲ್ಲಿ ಎರಡರದ್ದೂ ಇಲ್ಲ. ಅವಳ ಗಂಡನದರಲ್ಲೂ ಇಲ್ಲ.

"ರಕ್ತ ಮರೆಯಲ್ಲ ಸರ್. ಇವರಿಬ್ಬರಿಗೂ ಇದು ಯಾವತ್ತೂ ಬಂದೇ ಇಲ್ಲ. ಮಗುಗೆ ಹುಟ್ಟಿದ ಮೇಲೆ ಹೊರಗಿಂದ ಬಂದಿದೆ." ಕಾಗದ ಮಡಚುತ್ತ ಕೇಳಿದರು: "ತುಟಿ ಮೇಲೆ ಗುಳ್ಳೆ ಇದ್ದೋರು ಯಾರಾದ್ರೂ ಮಗುಗೆ ಮುತ್ತಿಟ್ಟಿದ್ರಾ?"

ಖಂಡಿತ ಇಲ್ಲ ಎಂದೆ. ನನ್ನ ಜ್ಞಾಪಕಶಕ್ತಿ ಅವರಿಗೆ ಗೊತ್ತು.

ಇನ್ನೂ ಒಂದು ಮಾತು ಹೇಳಿದರು. ತಾಯಿಗೆ ಮೊದಲೇ ಈ ವೈರಸ್ ಬಂದು ಹಳೆಯದಾಗಿದ್ದರೆ, ಅವಳ ಪ್ರತಿಕಾಯ ಗರ್ಭದಲ್ಲೇ ಮಗುವಿಗೂ ಹೋಗುತ್ತಿತ್ತು, ಅದು ಬಹುಶಃ ಕಾಯುತ್ತಿತ್ತು. ಇಲಿಗಳಲ್ಲಿ ಅದನ್ನು ನೋಡಿದ್ದಾರೆ. "ಇವರ ಹತ್ರ ಕೊಡೋಕೆ ಏನೂ ಇರಲಿಲ್ಲ."

ಚೀಟಿಯನ್ನು ಬಸ್ಸಿನಲ್ಲಿ ಓದಿದೆ. "ನಾನೂ ಪರೀಕ್ಷೆ ಮಾಡಿಸಿಕೊಂಡೆ. ನಿನ್ನಿಂದಲ್ಲ, ನನ್ನಿಂದಲೂ ಅಲ್ಲ. ಯಾರಿಂದ ಎಂದು ಗೊತ್ತಿಲ್ಲ, ನನಗೆ ಗೊತ್ತಾಗುವುದೂ ಬೇಡ. ನೀನು ನಿನ್ನನ್ನು ಬೈದುಕೊಳ್ಳುವುದು ನಿಲ್ಲಿಸು. ಫೋನ್ ಎತ್ತದಿದ್ದರೂ ಪರವಾಗಿಲ್ಲ. ಸ್ನಾನ ಮಾಡು, ಊಟ ಮಾಡು."

ಹಾಗಾದರೆ ಯಾರು? ಆ ಹದಿಮೂರು ದಿನ ಮಗುವಿನ ಹತ್ತಿರ ಬಂದವರೆಷ್ಟು ಜನ. ಪಕ್ಕದ ಮನೆಯಾಕೆ, ಅಕ್ಕನ ಗೆಳತಿಯರು, ಆಸ್ಪತ್ರೆಯ ಆಯಾ. ಕಳೆದ ವರ್ಷದ ದಿನಚರಿ ತೆಗೆದು ನೋಡುತ್ತೇನೆ. ಬಂದವರನ್ನೆಲ್ಲ ಬರೆದಿದ್ದೇನೆ.

ಮೇ 6, ಮಂಗಳವಾರ

ಡಿಸೆಂಬರ್ 9ರ ಪುಟ, ನನ್ನದೇ ಅಕ್ಷರ:

"ಬೆಳಿಗ್ಗೆ 6.40ಕ್ಕೆ ಹೆಣ್ಣು ಮಗು. ಎರಡು ಕೆಜಿ ಒಂಬೈನೂರು ಗ್ರಾಂ. ಬಲಗಿವಿ ಅಲ್ಪವಿರಾಮದ ಹಾಗೆ ಮಡಚಿಕೊಂಡಿದೆ. ಅಕ್ಕನಿಗಿಂತ ಮೊದಲು ಎತ್ತಿಕೊಂಡವನು ನಾನು. ಹಣೆಗೆ, ಮೂಗಿಗೆ, ಬಾಯಿಗೆ ಮುತ್ತಿಟ್ಟೆ. ಜನ್ಮದಲ್ಲಿ ಒಂದು ಮಗುವಿಗೂ ಮುತ್ತಿಟ್ಟವನಲ್ಲ, ಇಷ್ಟು ವರ್ಷ ಏನು ಮಾಡುತ್ತಿದ್ದೆನೋ. ಮೂರು ದಿನದ ನಿದ್ದೆಗೇಡಿಗೆ ತುಟಿಯ ಮೇಲೆ ಗುಳ್ಳೆ ಎದ್ದಿದೆ, ಪ್ರತಿ ಸಲದ ಹಾಗೆ. ಉರಿ."

ನಾನು ಹುಡುಕುತ್ತಿದ್ದುದು ಬೇರೆಯವರ ತುಟಿ.

ಮೇ 7, ಬುಧವಾರ

ಏನೂ ಇಲ್ಲ.

ಮೇ 9, ಶುಕ್ರವಾರ

ಅಕ್ಕನಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಆ ಗುಳ್ಳೆ ಅವಳಿಗೂ ನೆನಪಿದೆ. ವ್ಯಾಸಲೀನ್ ಹಚ್ಚಿಕೋ ಎಂದವಳೇ ಅವಳು.

"ನೀನೇ ಅಂತ ಯಾರು ಬರೆದು ಕೊಟ್ಟಿದಾರೆ? ಆಸ್ಪತ್ರೆಯಲ್ಲಿ ಎಷ್ಟು ಕೈ ಮುಟ್ಟಿದ್ವೋ. ಬಾಯಿ ಮುಚ್ಕೊಂಡಿರು. ಆ ಕಾಗದ ಮಾತ್ರ ಅವಳಿಗೆ ಕೊಡು, ಇವತ್ತು ಬಂತು ಅನ್ನು. ಗಂಡನೂ ಸಿಗ್ತಾನೆ, ಅಪ್ಪನೂ ಉಳೀತಾನೆ."

ಅವಳು ಹೇಳಿದ್ದು ನನಗೂ ಮೂರು ದಿನದಿಂದ ಹೊಳೆದದ್ದೇ. ಗಡಿಯಾರ ಗಿನಿಪಿಗ್‌ಗಳನ್ನು ನೋಡುತ್ತಿದ್ದ ಹಾಗೆ ಯಾರಾದರೂ ನನ್ನನ್ನೂ ಎತ್ತಿ ನೋಡಿ ಅಂಕ ಕೂಗಿದ್ದರೆ! ಅರವತ್ತಾರು ವರ್ಷದಿಂದ ಎಲ್ಲರೂ ಸೊನ್ನೆ ಎಂದುಕೊಂಡು ಬಿಟ್ಟಿದ್ದಾರೆ.

ಮಗಳು ಹುಟ್ಟಿದಾಗಿನಿಂದಲೂ ನನಗೆ ರಾತ್ರಿ ಪಾಳಿ. ಬೆಳಿಗ್ಗೆ ಬಂದಾಗ ಅವಳು ಶಾಲೆಗೆ ಹೊರಟಿರುತ್ತಿದ್ದಳು. ಕೈಯಲ್ಲಿ ಶಾಯಿ, ಮುಟ್ಟಬೇಡ ಎನ್ನುತ್ತಿದ್ದೆ. ಅವಳಿಗೆ ಒಂದು ಸಲವೂ ಮುತ್ತಿಟ್ಟ ನೆನಪಿಲ್ಲ. ಇಟ್ಟಿದ್ದರೆ ಅವಳಿಗೂ ಚಿಕ್ಕಂದಿನಲ್ಲೇ ಈ ಗುಳ್ಳೆ ಎದ್ದು ಮಾಗಿರುತ್ತಿತ್ತು. ಅವಳ ರಕ್ತದಲ್ಲಿ ಮಗುವಿಗೆ ಕೊಡಲು ಏನಾದರೂ ಇರುತ್ತಿತ್ತು. ಡಾಕ್ಟರಮ್ಮ ಹೇಳಿದ್ದು ಅದನ್ನೇ ಅಲ್ಲವೇ. ಇಡಬೇಕಾದವಳಿಗೆ ಇಡಲಿಲ್ಲ, ಇಡಬಾರದವಳಿಗೆ ಇಟ್ಟೆ.

ಮೇ 11, ಭಾನುವಾರ

ಹೇಳಿದೆ.

ಬೆಳಿಗ್ಗೆ, ಟೀ ಆದ ಮೇಲೆ. ಮೊದಲು ಹರಿದ ಕವರು ಕೈಗೆ ಕೊಟ್ಟೆ. ಅವಳು ಚೀಟಿಯನ್ನು ಮೊದಲು ಓದಿದಳು, ಆಮೇಲೆ ವರದಿಗಳನ್ನು. ಅರ್ಥವಾಗದ್ದನ್ನು ನಾನು ಹೇಳಿದೆ. ನಿನ್ನಿಂದಲ್ಲ ಎಂದೆ. ಅವಳು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಯಾರದೋ ಕೈಗಳು ಎಂಬ ಹಾಗೆ.

"ಯಾವಾಗ ಬಂತು ಇದು?"

"ಮಾರ್ಚ್ ಇಪ್ಪತ್ತು."

ಲೆಕ್ಕ ಹಾಕಿದಳೋ ಏನೋ. ಮುಖ ತಗ್ಗಿಸಿಕೊಂಡೇ ಇದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು, ಅಕ್ಕ ಅಡುಗೆಮನೆಯ ಬಾಗಿಲಿನಿಂದ ಕಣ್ಣಲ್ಲೇ ನಿಲ್ಲಿಸು ಎನ್ನುತ್ತಿದ್ದಳು. ನಾನು ಹಳೆಯ ದಿನಚರಿ ತೆರೆದು ಆ ಸಾಲುಗಳ ಮೇಲೆ ಬೆರಳಿಟ್ಟೆ. ಓದಿ ಮುಗಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಐದಾರು ಸಾಲು ಅಷ್ಟೆ.

"ಗುಳ್ಳೆ ವಿಷಯ ನಿನಗೆ ಗೊತ್ತಿರಲಿಲ್ಲ ಅಪ್ಪ. ಡಾಕ್ಟರಿಗೇ ಹೊಳೀಲಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. "ಕವರು ಗೊತ್ತಿತ್ತು. ನಾನು ಬಾಯಿಬಿಟ್ಟು ಕೇಳಿದ್ದೆ. ಏನಾದ್ರೂ ಬಂತಾ ಅಂತ."

ನಾನು ಏನೋ ಹೇಳಹೋದೆ. ಅವಳು ಕೈಯೆತ್ತಿ ತಡೆದಳು.

"ಐದು ತಿಂಗಳಿಂದ ನನ್ನ ಮೈ ನಾನೇ ಮುಟ್ಕೊಳ್ಳೋಕೆ ಹೇಸ್ತಿದ್ದೆ. ನನ್ನ ಮಗುನ ನಾನೇ ಕೊಂದೆ ಅಂದ್ಕೊಂಡಿದ್ದೆ. ಅದರಲ್ಲಿ ಐವತ್ತು ದಿನ ನೀನು ಇಟ್ಟಿದ್ದು. ಪುಸ್ತಕದ ಕಪಾಟಲ್ಲಿ."

ಎದ್ದು ಬಚ್ಚಲಿಗೆ ಹೋದಳು. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಕೂದಲು ಒದ್ದೆಯಿತ್ತು, ಅಕ್ಕನ ಟವೆಲ್ಲಿನಲ್ಲೇ ಒರೆಸಿಕೊಳ್ಳುತ್ತಿದ್ದಳು. ಬೆತ್ತದ ಕುರ್ಚಿಯ ಮೇಲೆ ಕೂತು, ಡಬ್ಬಿಯಿಂದ ಫೋನು ತೆಗೆದು ಚಾರ್ಜಿಗೆ ಹಾಕಿದಳು.

ಮೇ 12, ಸೋಮವಾರ

ಅಳಿಯ ಬಂದು ಕರೆದುಕೊಂಡು ಹೋದ. ಎರಡು ಚೀಲ. ಬಾಗಿಲಲ್ಲಿ ಅವನಿಗೂ ಎಲ್ಲ ಹೇಳಿದೆ, ಅವಳು ಆಗಲೇ ಹೇಳಿದ್ದಳಂತೆ. ಕ್ಷಮಿಸಪ್ಪ ಎಂದೆ. ಅವನು ನನ್ನ ಮುಖ ನೋಡಿ, ಆಮೇಲೆ ನೆಲ ನೋಡಿ, "ಮಾವ, ಇವತ್ತು ಬೇಡ" ಎಂದ. ಕೆಟ್ಟ ಮಾತು ಒಂದೂ ಆಡಲಿಲ್ಲ. ಅವನು ಯಾವತ್ತೂ ಆಡಿದವನಲ್ಲ. ಇದನ್ನು ನಾನು ಎಲ್ಲೂ ಬರೆದಿಟ್ಟಿಲ್ಲ.

ಮಗಳು ಅಕ್ಕನನ್ನು ತಬ್ಬಿಕೊಂಡಳು. ನನಗೆ ಹೋಗಿಬರುತ್ತೇನೆ ಎನ್ನಲಿಲ್ಲ.

ಮೇ 21, ಬುಧವಾರ

ಸಮಿತಿ ಸೇರಿತ್ತು. ಡಾಕ್ಟರಮ್ಮನ ಮುಂದಿನ ಪ್ರಯೋಗ: ಹೆಣ್ಣಿಲಿಗಳಿಗೆ ಲಸಿಕೆ ಕೊಟ್ಟು, ಆಮೇಲೆ ಹುಟ್ಟುವ ಮರಿಗಳ ಮೂಗಿಗೆ ವೈರಸ್ ಸೋಕಿಸುವುದು. ತಾಯಿಯ ರಕ್ಷೆ ಮರಿಯನ್ನು ಕಾಯುತ್ತದೋ ನೋಡಲು. ಲಸಿಕೆಯಿಲ್ಲದ ತಾಯಂದಿರ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ ಎಂದು ಅರ್ಜಿಯಲ್ಲೇ ಬರೆದಿದೆ.

ಎಲ್ಲರೂ ನನ್ನ ಪ್ರಶ್ನೆಗೆ ಕಾದರು. ಸಂಖ್ಯೆ ಕೇಳಲಿಲ್ಲ. ಒಂದೇ ಷರತ್ತು ಹೇಳಿದೆ: ಯಾವ ಮರಿ ಹಾಲು ಬಿಡುತ್ತದೋ ಆ ಗಂಟೆಯೇ ಅದನ್ನು ಮಲಗಿಸಬೇಕು. ಮಾರನೆಯ ದಿನಕ್ಕೆ ದಾಟಿಸಬಾರದು. ಅಷ್ಟು ಹೊತ್ತಿಗೆ ನಮಗೆ ಉತ್ತರ ಸಿಕ್ಕಿರುತ್ತದೆ, ಅದಕ್ಕೆ ಮುಂದೆ ಸಿಗುವುದು ಏನೂ ಇಲ್ಲ. ಡಾಕ್ಟರಮ್ಮ ಅರ್ಜಿಯಲ್ಲಿ ತಮ್ಮ ಕೈಯಿಂದಲೇ ಸೇರಿಸಿದರು. ಕೈಯೆತ್ತಿದೆ.

ಈ ಸಲದ ಗುಟ್ಟಿನ ಕವರು ನನ್ನ ಮನೆಯಲ್ಲಿ ಬೇಡ ಎಂದೆ. ಕಾರಣ ಕೇಳಿದರು, ಹೇಳಿದೆ.  ಗಡಿಯಾರ ಎಲ್ಲಿಂದಲೋ ನೀರು ತಂದು ನನ್ನ ಮುಂದಿಟ್ಟ.

ಜೂನ್ 1, ಭಾನುವಾರ

ಹನ್ನೊಂದು ಗಂಟೆಗೆ ಫೋನು. ಅಕ್ಕ ಎತ್ತಿ, ಸ್ವಲ್ಪ ಕೇಳಿಸಿಕೊಂಡು ನನ್ನ ಕೈಗೆ ಕೊಟ್ಟಳು.

"ಅಪ್ಪ, ಆ ಹಳೇ ಪುಸ್ತಕ ಇದೆಯಾ?"

ಇದೆ ಎಂದೆ.

"ನನ್ನ ಹತ್ರ ಅವಳದು ಎರಡು ಫೋಟೋ ಬಿಟ್ಟರೆ ಏನೂ ಇಲ್ಲ. ಅದರಲ್ಲಿ ಕಿವಿ ಕಾಣಲ್ಲ. ಹುಟ್ಟಿದ ದಿನದಿಂದ ಓದು. ಏನೂ ಬಿಡಬೇಡ."

ಓದಿದೆ. ತೂಕ, ಕಿವಿ, ಮುತ್ತು, ಗುಳ್ಳೆ, ಉರಿ, ಎಲ್ಲ. ನಾಲ್ಕನೆಯ ದಿನ ಅದು ಸೀನಿದಾಗ ಅಕ್ಕ ಬೆಚ್ಚಿದ್ದು. ಆರನೆಯ ದಿನ ಅಳಿಯ ಬಂದು, ಎತ್ತಿಕೊಳ್ಳಲು 'ಕೈಯಲ್ಲಿ ಗ್ರೀಸು' ಎಂದು ಹೆದರಿ ಮೂರು ಸಲ ಕೈ ತೊಳೆದದ್ದು. ಆ ಸಾಲನ್ನು ನಾನು ಗೇಲಿಗೆ ಬರೆದಿದ್ದೆ. ಎಂಟನೆಯ ದಿನ ಹಾಲು ಬಿಟ್ಟದ್ದು. ಹಳೆಯ ಅಭ್ಯಾಸಕ್ಕೆ ವಿರಾಮಚಿಹ್ನೆಗಳನ್ನೂ ಕೂಗಿ ಓದುತ್ತಿದ್ದೆ, ಅವಳು ಬೇಡವೆನ್ನಲಿಲ್ಲ. ಹನ್ನೆರಡನೆಯ ದಿನ: "ಬೆರಳು ಕೊಟ್ಟರೆ ಈಗಲೂ ಹಿಡಿಯುತ್ತಾಳೆ."

"ಮುಂದೆ?" ಎಂದಳು.

"ಮುಂದಿನ ಪುಟ ಖಾಲಿ. ಆವತ್ತು ನಾನು ಒಳಗೆ ಬರಲಿಲ್ಲ. ಹೊರಗೆ ಡಾಕ್ಟರ ಹತ್ತಿರ ಜಗಳ ಮಾಡ್ತಿದ್ದೆ."

 ಆಮೇಲೆ ಅವಳು ಪೆನ್ನು ತಗೋ ಎಂದಳು. ಆ ದಿನ ಬೆಳಿಗ್ಗೆಯಿಂದ ಏನೇನಾಯಿತೆಂದು ಒಂದೊಂದಾಗಿ ಹೇಳಿದಳು. ನಾನು ಖಾಲಿ ಪುಟದಲ್ಲಿ ಬರೆದುಕೊಂಡೆ. ನಡುವೆ ಎರಡು ಸಲ ಅವಳ ದನಿ ನಿಂತಿತು, ಕಾದೆ. ಪುಟ ತುಂಬಿ ಮುಂದಿನ ಪುಟಕ್ಕೂ ಹೋಯಿತು. ನನ್ನನ್ನು ಕ್ಷಮಿಸುವ ಮಾತು ಅದರಲ್ಲಿ ಎಲ್ಲೂ ಇಲ್ಲ.

ಕೊನೆಗೆ, ಬರೆದದ್ದನ್ನು ಓದು ಎಂದಳು. ಮೊದಲಿನಿಂದ ಓದಿದೆ. ಒಂದು ಕಡೆ ತಿದ್ದಿಸಿದಳು: ಕಣ್ಣು ಮುಚ್ಚಿದ್ದು ಹತ್ತೂಕಾಲಿಗಲ್ಲ, ಹತ್ತೂ ಇಪ್ಪತ್ತಕ್ಕೆ. ತಿದ್ದಿ ಮತ್ತೆ ಓದಿದೆ.

"ಸರಿ ಇದೆ" ಎಂದು ಫೋನ್ ಇಟ್ಟಳು.